ಕರಿಬಟ್ಟೆಯ ಕೆಳಗಿನ ರೇಡಿಯೋ

ಪೋರ್‌ಗೆಲ್,
೧೫ ನವೆಂಬರ್ ೧೯೭೦

ಪ್ರೀತಿಯ ತಮ್ಮ ಗಾಸ್ಪಾರ್,

ಜನರಲ್ ದ ಗಾಲ್ ತೀರಿಕೊಂಡ ಸುದ್ದಿ ಕೆನಡಾದ ಮೂಗಿನ ತುದಿಯಲ್ಲಿರುವ ನಿನ್ನ ದ್ವೀಪಕ್ಕೂ ತಲುಪಿರಬೇಕು. ಮಂಗಳವಾರ ಬೆಳಗ್ಗೆ ನಾನು ಕೆಫೆಯಲ್ಲಿ ಲೋಟ ಒರೆಸುತ್ತಿದ್ದೆ. ಬೇಕರಿಯ ಕೊರಾಂತಿನ್ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದು, "ಅಡೇಲಕ್ಕಾ, ನಮ್ಮ ದೊಡ್ಡ ಮರ ಬಿತ್ತು!" ಎಂದ. ನಾನು ಹಿತ್ತಲಿನ ಸೇಬಿನ ಮರ ನೋಡಲು ಹೊರಟಿದ್ದೆ. ಅವನು ಅಳುತ್ತಿರುವುದು ಕಂಡ ಮೇಲೆ ಅರ್ಥವಾಯಿತು.

ತನ್ನ ಅಂತ್ಯಕ್ರಿಯೆ ತನ್ನ ಹಳ್ಳಿಯಲ್ಲೇ ಸರಳವಾಗಿ ಆಗಬೇಕು, ಭಾಷಣ ಕೂಡದು ಎಂದು ಅವರು ಮೊದಲೇ ಬರೆದಿಟ್ಟಿದ್ದರಂತೆ. ಅದನ್ನು ಗೌರವಿಸಿ ನಮ್ಮ ಮೇಯರ್ ಬಿಯಾನ್ ಚೌಕದಲ್ಲಿ ಮುಕ್ಕಾಲು ಗಂಟೆ ಭಾಷಣ ಮಾಡಿದ. ಭಾಷಣ ಯಾಕೆ ಕೂಡದು ಎಂಬುದೇ ಅವನ ವಿಷಯ. ನಾನೂ ಅತ್ತೆ, ತಮ್ಮಾ. ಕಳೆದ ವರ್ಷ ಅವರು ಜನರ ಅಭಿಪ್ರಾಯ ಕೇಳಿದಾಗ "ಬೇಡ" ಎಂದು ವೋಟು ಹಾಕಿದವಳು ನಾನು. ಹಾಗೆ ಹಾಕಿದರೆ ಅವರು ಎದ್ದು ಹೋಗೇಬಿಡುತ್ತಾರೆ ಎಂದು ಯಾರಿಗೆ ಗೊತ್ತಿತ್ತು? ಹೆಂಗಸರ ಕೈಗೆ ವೋಟು ಕೊಟ್ಟವರೇ ಅವರು. ಅದನ್ನು ಕೊಟ್ಟವರ ಮೇಲೇ ಬಳಸಿದೆ. ಇದನ್ನು ಯಾರಿಗೂ ಹೇಳಬೇಡ.

ಯಾಕೆಂದರೆ ಪಂಚಾಯಿತಿಯವರು ನಮ್ಮ ಮನೆಯೂ ಆಗಿರುವ ಕೆಫೆಯ ಗೋಡೆಗೆ ನೆನಪಿನ ಕಲ್ಲು ಹಾಕಿಸುತ್ತಿದ್ದಾರೆ. ಅದರಲ್ಲಿ ಹೀಗೆ ಕೆತ್ತಿಸುತ್ತಾರಂತೆ: "೧೯೪೦ರ ಜೂನ್ ೧೮ರಂದು ಲಂಡನ್ನಿನಿಂದ ಜನರಲ್ ದ ಗಾಲ್ ನೀಡಿದ ಕರೆಯನ್ನು ಪೋರ್‌ಗೆಲ್‌ನ ಜನ ಈ ಮನೆಯಲ್ಲಿ ಒಟ್ಟಾಗಿ ಕೇಳಿದರು." ಆಗ ಊರಿಗೆಲ್ಲ ಇದ್ದದ್ದು ನಮ್ಮದೊಂದೇ ರೇಡಿಯೋ. ಮರುದಿನ ಬೆಳಗ್ಗೆ ನೀನು ಲಾನೂಜೆಲ್ ಅಣ್ಣತಮ್ಮಂದಿರ ಜೊತೆ ದೋಣಿ ಬಿಚ್ಚಿಕೊಂಡು ಇಂಗ್ಲೆಂಡಿಗೆ ಹೋದದ್ದೇ ಸಾಕ್ಷಿಯಂತೆ. ಆ ಇಬ್ಬರೂ ಚೌಕದ ಯುದ್ಧ ಸ್ಮಾರಕದಲ್ಲಿ ಹೆಸರಾಗಿ ನಿಂತಿದ್ದಾರೆ, ಅವರನ್ನು ಕೇಳುವಂತಿಲ್ಲ. ಉಳಿದವನು ನೀನೊಬ್ಬ.

ಆದ್ದರಿಂದ ಆ ಸಂಜೆ ನೀನು ಏನು ಕೇಳಿದೆ ಎಂದು ಬರೆದು ಕಳಿಸು. ಮೇಯರ್‌ಗೆ ಬೇಕು. ಅವನಿಗಿಂತ ಹೆಚ್ಚಾಗಿ ನನಗೆ ಬೇಕು. ನಿನ್ನ ಬಾವ, ನನ್ನ ಎವೆನ್, ಸಾಯುವ ತನಕ ಕೇಳುತ್ತಿದ್ದದ್ದು ಒಂದೇ ಮಾತು: "ನನ್ನ ದೋಣಿ ಒಯ್ದ, ಬೇಜಾರಿಲ್ಲ. ಆದ್ರೆ ನನ್ನನ್ಯಾಕೆ ಕರೀಲಿಲ್ಲ ನಿನ್ ತಮ್ಮ? ನಾನೇನು ಗಂಡಸಲ್ವಾ?"

ನಿನ್ನ ಅಕ್ಕ,
ಅಡೇಲ್

*

ಸೇಂ-ಪಿಯೆರ್ ದ್ವೀಪ,
೬ ಡಿಸೆಂಬರ್ ೧೯೭೦

ಅಕ್ಕಾ,

"ಬೇಡ" ಎಂದು ವೋಟು ಹಾಕಿದೆಯಾ! ಈ ಕಾಗದವನ್ನು ನನ್ನ ಹೆಂಡತಿ ಎಲಿಯಾನ್‌ಗೆ ಓದಿ ಹೇಳುವಾಗ ಆ ಸಾಲನ್ನು ಹಾರಿಸಿದೆ. ಅವಳು ಜನರಲ್‌ರ ಫೋಟೋಗೆ ಕರಿ ಪಟ್ಟಿ ಕಟ್ಟಿ, ಪಕ್ಕದಲ್ಲಿ ನನ್ನ ಪದಕ ಇಟ್ಟಿದ್ದಾಳೆ. ಮನೆಗೆ ಬಂದವರು ಸತ್ತದ್ದು ನಾನೇ ಎಂದುಕೊಳ್ಳುತ್ತಿದ್ದಾರೆ.

೧೯೬೭ರಲ್ಲಿ ಅವರು ಕೆನಡಾಕ್ಕೆ ಹೋಗುವ ದಾರಿಯಲ್ಲಿ ನಮ್ಮಲ್ಲಿಗೆ ಬಂದಾಗ ಇಡೀ ದ್ವೀಪ ಬಂದರಿನಲ್ಲಿತ್ತು. ನನ್ನ ಮುಂದೆ ಡೊಳ್ಳುಹೊಟ್ಟೆಯ ಕಸ್ಟಮ್ಸ್ ಅಧಿಕಾರಿ ನಿಂತಿದ್ದ. ಆದರೇನು, ಎಲ್ಲರ ತಲೆಗಳ ಮೇಲೆ ಆ ಒಂದು ತಲೆ ತೇಲಿ ಹೋಯಿತು. ಅಷ್ಟು ಎತ್ತರದ ಮನುಷ್ಯ ಇದ್ದರೆ ಹಿಂದೆ ನಿಂತವರಿಗೂ ನ್ಯಾಯ ಸಿಗುತ್ತದೆ.

ಮೇಯರ್‌ಗೆ ಓದಿ ಹೇಳು: ೧೮ರ ಸಂಜೆ ನಾನು ನಿನ್ನ ಕೆಫೆಯ ಕಿಟಕಿಯ ಬಳಿ ನಿಂತಿದ್ದೆ. ರೇಡಿಯೋದಲ್ಲಿ ಆ ಸ್ವರ ಗುಡುಗಿನ ಹಾಗೆ ಬಂತು. ಸೋತದ್ದು ಒಂದು ಕಾಳಗ, ಯುದ್ಧವಲ್ಲ ಎಂಬರ್ಥದ ಮಾತು. ಮೈಯಲ್ಲಿ ನೆತ್ತರು ಕುದಿಯಿತು. ಲಾನೂಜೆಲ್ ಹುಡುಗರ ಕಡೆ ನೋಡಿದೆ, ಅವರು ನನ್ನ ಕಡೆ ನೋಡಿದರು. ಬೆಳಗಿನ ಉಬ್ಬರಕ್ಕೆ ಹೊರಟೆವು. ಆ ಸ್ವರ ಈಗಲೂ ನನ್ನ ಕಿವಿಯಲ್ಲಿದೆ.

ಎವೆನ್ ಬಾವನ ವಿಷಯ ಏನು ಹೇಳಲಿ. ಆತುರದಲ್ಲಿದ್ದೆವು.

ಬೆಣ್ಣೆ ಹಚ್ಚಿದ ನಿನ್ನ ಗಾಲೆಟ್ ದೋಸೆ ನೆನೆದರೆ ಬಾಯಲ್ಲಿ ನೀರೂರುತ್ತದೆ. ಇಲ್ಲಿ ಎಲ್ಲದರಲ್ಲೂ ಒಣಮೀನಿನ ರುಚಿ, ಕೇಕಿನಲ್ಲೂ.

ನಿನ್ನ ತಮ್ಮ,
ಗಾಸ್ಪಾರ್

*

ಪೋರ್‌ಗೆಲ್,
೩ ಜನವರಿ ೧೯೭೧

ಗಾಸ್ಪಾರ್,

ಹೊಸ ವರ್ಷದ ಶುಭಾಶಯ. ನಿನ್ನ ಕಾಗದವನ್ನು ಮೇಯರ್‌ಗೆ ಕೊಡಲಿಲ್ಲ. ಸುಳ್ಳು ಹೇಳಿದರೂ ಸತ್ಯದ ತಲೆಯ ಮೇಲೆ ಹೊಡೆದ ಹಾಗಿರಬೇಕು ಎನ್ನುತ್ತಾರೆ. ನಿನ್ನದು ಸತ್ಯದ ಕಾಲ ಬುಡಕ್ಕೂ ಬೀಳಲಿಲ್ಲ.

ಊರಿನವರ ಸಾಕ್ಷಿ ಮೊದಲು ಕೇಳು. ಭಾನುವಾರ ಮೇಯರ್ ಕೆಫೆಯಲ್ಲೇ ಕೂತು ಎಲ್ಲರನ್ನೂ ವಿಚಾರಿಸಿದ. ಹಡಗಿನ ಹಾಯಿ ಹೊಲಿಯುವ ಮುದುಕ ಪ್ರಿಜಾನ್ ಎದ್ದು ನಿಂತು, "ನಿನ್ನೆ ನಡೆದಂಗಿದೆ ಕಣ್ರೀ. ಈ ರೂಮಲ್ಲಿ ಕಾಲಿಡೋಕೆ ಜಾಗ ಇರ್ಲಿಲ್ಲ. ಗಂಡಸ್ರೆಲ್ಲ ಟೋಪಿ ತೆಗ್ದು ನಿಂತಿದ್ವಿ" ಎಂದ.

"ಮೇಣದಬತ್ತಿ ಹಚ್ಚಿದ್ರು" ಎಂದಳು ಅವನ ತಂಗಿ. "ಹೆಂಗಸ್ರು ಮೊಣಕಾಲೂರಿ ಅಳ್ತಿದ್ರು. ನಾನೂ ಅತ್ತೆ. ಆ ಮಾತು ಹಂಗಿತ್ತು."

"ಆಮೇಲೆ ಅಡೇಲಕ್ಕ ಎಲ್ರಿಗೂ ಸೇಬಿನ ಸೈಡರು ಕೊಟ್ರು, ಆಮ್ಲೆಟ್ ಹಾಕಿದ್ರು" ಎಂದ ಕೊರಾಂತಿನ್. ಆಗ ಅವನಿಗೆ ಎಂಟು ತಿಂಗಳು! "ನೀನು ತೊಟ್ಟಿಲಲ್ಲಿದ್ದೆಯಲ್ಲೋ" ಎಂದರೆ, "ತೊಟ್ಟಿಲು ಇಲ್ಲೇ ಇತ್ತಲ್ಲ, ಕಿವಿ ಇರ್ಲಿಲ್ವಾ ನನ್ಗೆ?" ಎನ್ನುತ್ತಾನೆ. ಗೆದ್ದೆತ್ತಿನ ಬಾಲ ಹಿಡಿಯಲು ಊರೆಲ್ಲ ಸಾಲು ನಿಂತಿದೆ. ನಲವತ್ತು ಜನ ಕೇಳಿದ್ದಾರಂತೆ. ನಮ್ಮ ಕೆಫೆಯಲ್ಲಿ ಒತ್ತರಿಸಿ ನಿಂತರೆ ಇಪ್ಪತ್ತು.

ಅವರು ಯಾರೂ ಸುಳ್ಳು ಹೇಳುತ್ತಿಲ್ಲ, ಅದೇ ತಮಾಷೆ. ಅವರೆಲ್ಲ ಇಲ್ಲಿದ್ದರು. ಟೋಪಿ ತೆಗೆದಿದ್ದರು, ಮೇಣದಬತ್ತಿ ಇತ್ತು, ಅತ್ತರು, ಆಮ್ಲೆಟ್ ತಿಂದರು. ಯಾಕೆಂದರೆ ೧೭ರ ರಾತ್ರಿ ನನ್ನ ಅತ್ತೆ ಕಟೆಲ್ ತೀರಿಕೊಂಡಿದ್ದಳು. ೧೮ರ ಸಂಜೆ ನಮ್ಮ ಮನೆಯಲ್ಲಿ ನಡೆದದ್ದು ಹೆಣ ಕಾಯುವ ಜಾಗರಣೆ! ಸಾವಿನ ಮನೆಯಲ್ಲಿ ಗಡಿಯಾರ ನಿಲ್ಲಿಸಿ, ಕನ್ನಡಿ ಮುಚ್ಚುವುದು ನಮ್ಮ ಪದ್ಧತಿ. ನಾನು ರೇಡಿಯೋದ ಮೇಲೂ ಕರಿಬಟ್ಟೆ ಹೊದಿಸಿದ್ದೆ, ನನ್ನ ಈ ಕೈಯಿಂದಲೇ. ಹೆಣ ಮಣ್ಣಿಗಿಡುವ ತನಕ ಅದು ಉಸಿರೆತ್ತಲಿಲ್ಲ. ಜನರಲ್ ಲಂಡನ್ನಿನಿಂದ ಕರೆಯುತ್ತಿದ್ದಾಗ ಪೋರ್‌ಗೆಲ್ ಇಡೀ ನನ್ನ ಅತ್ತೆಯ ಸುತ್ತ ಕೂತು ಅವಳದೇ ಸೈಡರು ಕುಡಿಯುತ್ತಿತ್ತು.

ಮೂವತ್ತು ವರ್ಷ ನಾನು ಬಾಯಿ ಬಿಡಲಿಲ್ಲ. ಯುದ್ಧ ಮುಗಿದು ಬಂದಾಗ, ರೇಡಿಯೋ ಕರೆಯಿತು ಎಂದು ನೀನೇ ಹೇಳಿದೆ. ಊರೂ ಹೌದು ಹೌದು ಎಂದಿತು. ಚಂದದ ಕಥೆ, ಯಾಕೆ ಹಾಳು ಮಾಡಲಿ ಎಂದು ಸುಮ್ಮನಿದ್ದೆ. ಈಗ ಕಲ್ಲಿನಲ್ಲಿ ಕೆತ್ತುತ್ತಿದ್ದಾರೆ. ಕಲ್ಲು ನನಗಿಂತ ಹೆಚ್ಚು ದಿನ ಬದುಕುತ್ತದೆ.

ರೇಡಿಯೋ ನಿನ್ನನ್ನು ಕರೆಯಲಿಲ್ಲ. ಹಾಗಾದರೆ ಕರೆದವರು ಯಾರು? ಅತ್ತೆಯನ್ನು ಮಣ್ಣು ಮಾಡುವ ಮೊದಲೇ, ನನಗೊಂದು ಮಾತು ಹೇಳದೆ, ಎವೆನ್‌ನ ದೋಣಿ ಎತ್ತಿಕೊಂಡು ಹೋಗುವಂಥದ್ದು ಏನಾಗಿತ್ತು? ಮಾತು ಹಾರಿಸಬೇಡ. ನಾನು ನಿನಗೆ ಚಡ್ಡಿ ತೊಡಿಸಿದವಳು.

ಅಡೇಲ್

*

ಪೋರ್‌ಗೆಲ್,
೨೧ ಫೆಬ್ರವರಿ ೧೯೭೧

ಗಾಸ್ಪಾರ್,

ಏಳು ವಾರವಾಯಿತು. ಕೋಪವೇ? ಚಡ್ಡಿಯ ಮಾತು ಎತ್ತಬಾರದಿತ್ತೇನೋ. ಪದಕ ತೊಟ್ಟವನಿಗೆ ಅಕ್ಕನಾದವಳು ಹಾಗೆ ಬರೆಯಬಾರದು.

ಕಲ್ಲು ಕೆತ್ತಿ ಆಗಿದೆ. ಒಳ್ಳೆಯ ಕರಿಯ ಪದರಗಲ್ಲು. ನನ್ನ ಸೈಡರು ಪೀಪಾಯಿಗಳ ಪಕ್ಕ ಒರಗಿಸಿಟ್ಟಿದ್ದಾರೆ. ದಿನಾ ಅದರ ಮುಂದೆ ಹಾದು ಹೋಗುವಾಗ ಮುಖ ತಿರುಗಿಸುತ್ತೇನೆ. ಮೇಯರ್ ಜೂನ್ ಹದಿನೆಂಟಕ್ಕೆ ಬ್ಯಾಂಡಿನವರಿಗೂ ಹೇಳಿದ್ದಾನೆ. ಅದು ನಿಜವಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಊರಿನ ಸಂತೋಷ ನೋಡಿ ನುಂಗಿಕೊಳ್ಳುತ್ತೇನೆ.

ನಿನಗೆ ಹೇಳಲು ಇಷ್ಟವಿಲ್ಲದಿದ್ದರೆ ಬೇಡ. ಎವೆನ್ ಬಗ್ಗೆ ನಿನಗೆ ಕೀಳು ಭಾವನೆ ಇತ್ತು ಎಂದುಕೊಳ್ಳುತ್ತೇನೆ. ಅವನೂ ಹಾಗೆಂದೇ ತಿಳಿದು ಹೋದ. ಆದರೆ ಬರೆಯುವುದು ನಿಲ್ಲಿಸಬೇಡ. ಹವಾಮಾನದ ಬಗ್ಗೆಯಾದರೂ ಬರೆ.

ಅಡೇಲ್

*

ಸೇಂ-ಪಿಯೆರ್,
೨೩ ಫೆಬ್ರವರಿ ೧೯೭೧

ಅಕ್ಕಾ,

ಇಲ್ಲಿ ಮಂಜುಗಡ್ಡೆ. ಆದರೆ ಕಾಗದ ತಡವಾದದ್ದು ಅದರಿಂದಲ್ಲ. ನಾಲ್ಕು ಸಲ ಬರೆದು ಒಲೆಗೆ ಹಾಕಿದೆ. ಕೊನೆಗೆ ಎಲಿಯಾನ್, "ಒಲೆಗೆ ಎಲ್ಲಾ ಗೊತ್ತಾಯ್ತು, ಇನ್ನು ಅಕ್ಕಂಗೂ ಒಂದಿಷ್ಟು ಹೇಳಿ" ಎಂದಳು.

ನಾನು ಒಬ್ಬರಿಗೆ ಮಾತು ಕೊಟ್ಟಿದ್ದೆ. ಅದಕ್ಕೇ ಇಷ್ಟು ದಿನ ಬಾಯಿ ಕಟ್ಟಿತ್ತು. ಮಾತು ತೆಗೆದುಕೊಂಡವಳು ನಿನ್ನ ಅತ್ತೆ ಕಟೆಲ್.

೧೭ರ ಮಧ್ಯಾಹ್ನ ನೆನಪಿದೆಯಲ್ಲ. ಆಗಷ್ಟೇ ಸರ್ಕಾರದ ಚುಕ್ಕಾಣಿ ಹಿಡಿದಿದ್ದ ಮಾರ್ಷಲ್ ಮುದುಕ ರೇಡಿಯೋದಲ್ಲಿ ಜರ್ಮನರ ಜೊತೆ ಕಾಳಗ ನಿಲ್ಲಿಸಬೇಕು ಎಂದು ನಡುಗುವ ಸ್ವರದಲ್ಲಿ ಹೇಳುತ್ತಿದ್ದ. ಒಳಕೋಣೆಯ ಮಂಚದಿಂದ ಕಟೆಲ್ ಕೂಗಿದಳು: "ಆ ಮುದುಕನ ಬಾಯಿ ಮುಚ್ಚಿಸ್ರೋ! ಸಾಯ್ತಿರೋಳು ನಾನು, ನರಳ್ತಿರೋನು ಅವ್ನು!" ನೀನು ನಗಲಾರದೆ ಅಳಲಾರದೆ ಪಾದ್ರಿಯನ್ನು ಕರೆತರಲು ಓಡಿದೆ. ಎವೆನ್ ಡಾಕ್ಟರಿಗೆ ಹೇಳಲು ಹೋಗಿದ್ದ. ಅವಳು ತಾನೇ ಗೋಡೆ ಹಿಡಿದು ಎದ್ದು ಬಂದು ರೇಡಿಯೋ ಆರಿಸಿದಳು. ನಾನು ಎತ್ತಿ ಮತ್ತೆ ಮಲಗಿಸಿದೆ. ಒಣಗಿದ ಕೊಂಬೆಯಷ್ಟೂ ಭಾರವಿರಲಿಲ್ಲ.

ಆಗ ನನ್ನ ಕಿವಿ ಹಿಂಡಿ ಹೇಳಿದಳು. ಹೌದು, ಹಿಂಡಿದಳು, ಸಾಯುವಾಗಲೂ.

"ಹತ್ತೊಂಬತ್ತು ವರ್ಷ ಆಯ್ತು ನಿಂಗೆ. ಜರ್ಮನ್ರು ಬಂದು ಕಾಫಿ ಕೇಳೋ ತನ್ಕ ಇಲ್ಲೇ ಕೂತಿರ್ತೀಯಾ? ನೋಡು, ನಾನು ಇವತ್ತು ರಾತ್ರಿ ದಾಟಲ್ಲ. ನಾಳೆ ಇಡೀ ಊರು ನನ್ ತಲೆ ಹತ್ರ ಕೂತು ಕುಡೀತಿರತ್ತೆ. ಬಂದರಿನ ಕಡೆ ಒಂದು ನರಪಿಳ್ಳೆನೂ ಇರಲ್ಲ. ದೋಣಿಗೆ ನೀರು, ರೊಟ್ಟಿ ತುಂಬಿಸ್ಕೊ. ಬೆಳಗಿನ ಉಬ್ಬರಕ್ಕೆ ಬಿಚ್ಚು."

"ದೋಣಿ ಎವೆನ್ ಬಾವಂದಲ್ವಾ?" ಎಂದೆ.

"ನನ್ ಗಂಡಂದು. ಅಂದ್ಮೇಲೆ ನಂದು. ಸತ್ಮೇಲೆ ಅವ್ನದಾಗತ್ತೆ, ಅದಕ್ಕೇ ಬದುಕಿರೋವಾಗ್ಲೇ ಕೊಡ್ತಿರೋದು. ಆದ್ರೆ ಎವೆನ್‌ಗೆ ಹೇಳಿದ್ಯೋ, ಕಾಲು ಮುರಿದು ಕೈಗೆ ಕೊಡ್ತೀನಿ. ಕರೆದ್ರೆ ಅವ್ನು ಬಂದೇ ಬರ್ತಾನೆ, ಅಂಥ ಹೆಡ್ಡ. ಅವ್ನ ಎದೆ ಇಂಗ್ಲೆಂಡ್ ತನ್ಕ ಸಮುದ್ರದ ಚಳಿ ತಡಿಯಲ್ಲ. ಅಡೇಲ್‌ಗೂ ಹೇಳ್ಬೇಡ. ಅವ್ಳ ಮುಖದಲ್ಲಿ ಎಲ್ಲಾ ಕಾಣತ್ತೆ. ಹತ್ತು ವರ್ಷ ಆ ಹುಡುಗಿಗೆ ಬೈಗುಳ ಬಿಟ್ರೆ ಏನೂ ಕೊಟ್ಟಿಲ್ಲ ನಾನು. ಅವ್ಳ ಗಂಡನ್ನಾದ್ರೂ ಬಿಟ್ಟು ಹೋಗ್ತೀನಿ."

"ಯಾಕೆ ಹೋದೆ ಅಂತ ಯಾರಾದ್ರೂ ಕೇಳಿದ್ರೆ?"

"ರೇಡಿಯೋದಲ್ಲಿ ಯಾರೋ ಕರೆದ್ರು ಅನ್ನು. ರೇಡಿಯೋ ಹೇಳ್ತು ಅಂದ್ರೆ ಈ ಊರು ಏನ್ ಬೇಕಾದ್ರೂ ನಂಬತ್ತೆ."

ಇಷ್ಟೇ, ಅಕ್ಕಾ. ಇಂಗ್ಲೆಂಡಿನ ಬಂದರಿನಲ್ಲಿ ಇಳಿದಾಗ ಒಬ್ಬ ಅಧಿಕಾರಿ ಹರಕು ಫ್ರೆಂಚಿನಲ್ಲಿ, "ನೀವೂ ಜನರಲ್ ಕರೆ ಕೇಳಿ ಬಂದ್ರಾ?" ಎಂದ. ನಾನು ಲಾನೂಜೆಲ್ ದೊಡ್ಡವನ ಕಡೆ ತಿರುಗಿ ಮೆಲ್ಲಗೆ, "ಯಾವ ಜನರಲ್ಲೋ?" ಎಂದೆ. ಅವನು, "ಯಾವನೋ ಒಬ್ಬ. ಬ್ರೆಡ್ ಕೊಡ್ತಿದಾರೆ, ಹೌದು ಅನ್ನು" ಎಂದ. ಹೌದು ಎಂದೆವು. ಹಾಗೆ ಕಟೆಲ್‌ಳ ಸುಳ್ಳು ನಮಗಿಂತ ಮೊದಲೇ ಇಂಗ್ಲೆಂಡ್ ತಲುಪಿ ನಿಜವಾಗಿ ಕಾಯುತ್ತಿತ್ತು.

ಆಮೇಲೆ ಆ ಮನುಷ್ಯ ಯಾರೆಂದು ತಿಳಿಯಿತು. ಸೈನ್ಯವಿಲ್ಲ, ನೆಲವಿಲ್ಲ, ಕೈಯಲ್ಲಿ ಕಾಸಿಲ್ಲ. ಪರದೇಶದಲ್ಲಿ ಕೂತು ಆಗಲ್ಲ ಎನ್ನುತ್ತಿದ್ದರು, ಅಷ್ಟೇ. ಮೊದಲ ಸಲ ಅವರ ಮಾತು ಕೇಳಿದಾಗ ನನಗೆ ನಗು ಬಂತು. ನಮ್ಮ ಒಳಕೋಣೆಯ ಮಂಚದ ಮೇಲಿದ್ದವಳದೇ ಜಾಯಮಾನ! ಅದೇ ಹಟ, ಅದೇ ಉದ್ದ ಮೂಗು, ಯಾರ ಮಾತೂ ಕೇಳದ ಅದೇ ಸ್ವಭಾವ. ಇವರನ್ನು ನಂಬಬಹುದು ಎನಿಸಿತು. ನಂಬಿದೆ. ಇವತ್ತಿನ ತನಕ ಅದಕ್ಕೆ ಬೇಸರಪಟ್ಟಿಲ್ಲ.

೪೬ರಲ್ಲಿ ಊರಿಗೆ ಬಂದಾಗ ಎವೆನ್ ಹಿತ್ತಲಿನಲ್ಲಿ ಬಲೆ ಹೆಣೆಯುತ್ತಾ ಕೂತಿದ್ದ, ಹೊರಗೆ ಬರಲಿಲ್ಲ. "ನಿನ್ನ ತಾಯಿಯೇ ನಿನ್ನನ್ನು ಬಚ್ಚಿಟ್ಟಳು" ಎಂದು ಆ ಗಂಡಸಿಗೆ ಹೇಗೆ ಹೇಳಲಿ? ಕಳ್ಳ ಎನಿಸಿಕೊಳ್ಳುವುದು ಸುಲಭವಾಗಿತ್ತು. ಅವನಷ್ಟು ಧೈರ್ಯಸ್ಥನನ್ನು ನಾನು ನೌಕಾಪಡೆಯಲ್ಲೂ ಹೆಚ್ಚು ಕಂಡಿಲ್ಲ. ಕರೆದರೆ ಬಂದೇ ಬರುತ್ತಾನೆ ಎಂದು ಗೊತ್ತಿದ್ದದ್ದರಿಂದಲೇ ಕರೆಯಲಿಲ್ಲ.

ಗಾಸ್ಪಾರ್

*

ಪೋರ್‌ಗೆಲ್,
೨೮ ಮಾರ್ಚ್ ೧೯೭೧

ನನ್ನ ಗಾಸ್ಪಾರ್,

ನಿನ್ನ ಕಾಗದ ಓದಿ ಏಪ್ರನ್ ಕೂಡ ಬಿಚ್ಚದೆ ಸ್ಮಶಾನಕ್ಕೆ ಹೋದೆ. ತಾಯಿ ಮಗ ಒಂದೇ ಕಲ್ಲಿನಡಿ ಮಲಗಿದ್ದಾರಲ್ಲ. ಮೊದಲು ಎವೆನ್‌ಗೆ ಓದಿ ಹೇಳಿದೆ, ಗಟ್ಟಿಯಾಗಿ. "ಕೇಳಿದ್ಯೇನೋ, ಬಂದೇ ಬರ್ತಾನೆ ಅಂತಿದ್ದಳಂತೆ ನಿನ್ನಮ್ಮ! ಗಂಡಸಲ್ವಾ ಗಂಡಸಲ್ವಾ ಅಂತ ನನ್ನ ತಲೆ ತಿಂದ್ಯಲ್ಲ!" ಎಂದೆ. ಆಮೇಲೆ ಅತ್ತೆಯ ಕಡೆ ತಿರುಗಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂದಾಗ ಬೈಯೋಣ ಎಂದು ಎಷ್ಟೋ ಮಾತು ಕೂಡಿಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಆ ಸಿಡುಕಿ ನನಗೆ ಇಪ್ಪತ್ತೊಂದು ವರ್ಷದ ಸಂಸಾರವನ್ನು ದಾನ ಕೊಟ್ಟು ಹೋಗಿದ್ದಾಳೆ, ನನಗೆ ಗೊತ್ತೇ ಇರಲಿಲ್ಲ. ಅವಳ ಹೆಸರಿನ ಮೇಲೆ ಕೈಯಿಟ್ಟು ಅತ್ತುಬಿಟ್ಟೆ. ಚರ್ಚಿನ ಗಂಟೆ ಬಾರಿಸುವವನು ಓಡಿ ಬಂದು, "ಏನಾಯ್ತು ಅಡೇಲಕ್ಕಾ, ಯಾರು ಸತ್ರು?" ಎಂದ. "ಮೂವತ್ತು ವರ್ಷದ ಹಿಂದೆ ನಮ್ಮತ್ತೆ" ಎಂದೆ. ಅವನು ಪಾದ್ರಿಯನ್ನು ಕರೆತರಲು ಹೋದ.

ಭಾನುವಾರ ಪೂಜೆ ಮುಗಿದ ಮೇಲೆ ಕೆಫೆಯಲ್ಲಿ ಎಲ್ಲರ ಮುಂದೆ ನಿನ್ನ ಕಾಗದ ಓದಿದೆ. ಜಾಗರಣೆ, ಕರಿಬಟ್ಟೆ, ಎಲ್ಲವನ್ನೂ ಹೇಳಿದೆ. ಪ್ರಿಜಾನ್ ಟೋಪಿ ತೆಗೆದು ಅದರೊಳಗೆ ನೋಡಿಕೊಂಡ. "ಅಂದ್ರೆ... ನಾನು ಅತ್ತಿದ್ದು ಕಟೆಲ್‌ಗಾ?" ಎಂದಳು ಅವನ ತಂಗಿ. "ನನ್ನ ಬೆಣ್ಣೆ ತೂಕದಲ್ಲಿ ಮೋಸ ಅಂದಿದ್ಳು ಆ ಮುದುಕಿ! ಅವ್ಳಿಗೆ ನಾನು ಅಷ್ಟು ಅತ್ನಾ?"

ಮೇಯರ್ ಬಿಯಾನ್‌ನ ಮುಖ ಬಿಳಿಚಿಕೊಂಡಿತು. "ಬ್ಯಾಂಡು?" ಎಂದ. "ಕಲ್ಲು? ಕೆತ್ತಿ ಆಗಿದೆಯಲ್ಲಾ!"

"ಕಲ್ಲಿಗೆ ಹಿಂಬದಿ ಇಲ್ವೇನ್ರೀ?" ಎಂದೆ.

ಆಗ ಕೊರಾಂತಿನ್ ಎದ್ದು ನಿಂತ. ನಾನು ಹೇಳುವುದನ್ನು ನಂಬು, ಒಂದಕ್ಷರ ಸೇರಿಸಿಲ್ಲ. "ನಿಜ ಹೇಳ್ಬೇಕಂದ್ರೆ, ನನ್ಗೆ ಕಟೆಲಜ್ಜಿ ಕೂಗಿದ್ದು ಚೆನ್ನಾಗಿ ನೆನಪಿದೆ. ನಮ್ಮಮ್ಮ ನನ್ನ ಎತ್ಕೊಂಡು ಬೀದೀಲಿ ಹೋಗ್ತಿದ್ರು. ಮುದುಕನ ಬಾಯಿ ಮುಚ್ಚಿಸ್ರೋ ಅಂದ್ರು. ನಾನು ಬೆಚ್ಚಿಬಿದ್ದೆ." ಪ್ರಿಜಾನ್, "ನಾನು ಕಿಟಕಿ ಹತ್ರಾನೇ ಇದ್ದೆ" ಎಂದ. ಸಂಜೆಯ ಹೊತ್ತಿಗೆ ಕಟೆಲ್‌ಳ ಕೂಗನ್ನು ಕಿವಿಯಾರೆ ಕೇಳಿದವರು ನಲವತ್ತು ಜನ.

ನಮ್ಮ ಕೆಫೆಯ ಬೀದಿಗೆ ಜನರಲ್ ದ ಗಾಲ್ ಬೀದಿ ಎಂಬ ಹೆಸರು ಬರುತ್ತದೆ. ಅದಕ್ಕೆ ಊರು ಒಗ್ಗಟ್ಟಾಗಿ ಕೈಯೆತ್ತಿತು. ನಾನೂ ಎತ್ತಿದೆ, ಎರಡೂ ಕೈ. ಒಂದು ವೋಟಿನ ಸಾಲ ತೀರಿಸಿದೆ ಎಂದುಕೋ. ಅವರ ಮಾತು ನಮ್ಮ ಮನೆಗೆ ಬರದಿದ್ದರೇನು, ಅವರು ಹೇಳಿದ ಹಾಗೆ ನಡೆದವನು ಈ ಮನೆಯಿಂದಲೇ ಹೋದ.

ಕಲ್ಲನ್ನು ತಿರುಗಿಸಿ ಕೆತ್ತಲು ಕೊಟ್ಟಿದ್ದೇವೆ. ಏನು ಬರೆಯಬೇಕೆಂದು ನಾನೇ ಹೇಳಿದೆ. ಬಂದು ನೋಡು.

ಅಡೇಲ್

*

ಸೇಂ-ಪಿಯೆರ್,
೨ ಮೇ ೧೯೭೧

ಅಕ್ಕಾ,

ಎಲಿಯಾನ್ ಪೆಟ್ಟಿಗೆ ಕಟ್ಟುತ್ತಿದ್ದಾಳೆ. ಪದಕ ಬೇಡ ಎಂದೆ, ಕೇಳದೆ ಒಣಮೀನಿನ ಗಂಟಿನೊಳಗೆ ಸೇರಿಸಿದ್ದಾಳೆ. ಜೂನ್ ಹತ್ತರೊಳಗೆ ತಲುಪುತ್ತೇವೆ. ಆ ಹಳೆಯ ರೇಡಿಯೋ ಇನ್ನೂ ಇದೆಯೇ? ಎವೆನ್‌ನ ಗೋರಿಗೆ ಮೊದಲು ನನ್ನನ್ನು ಒಬ್ಬನನ್ನೇ ಕಳಿಸು. ನನಗೂ ಗಟ್ಟಿಯಾಗಿ ಹೇಳುವುದಿದೆ. ಭಯವಾಗುತ್ತಿದೆ, ಅಕ್ಕಾ. ಇಪ್ಪತ್ತೈದು ವರ್ಷವಾಯಿತು.

ಗಾಸ್ಪಾರ್

*

ಪೋರ್‌ಗೆಲ್,
೧೬ ಮೇ ೧೯೭೧

ಗಾಸ್ಪಾರ್,

ಭಯ ಯಾಕೆ? ಈ ಸಲ ಎವೆನ್ ಹಿತ್ತಲಿಗೆ ಓಡಿಹೋಗಲಾರ.

ರೇಡಿಯೋ ಇದೆ. ದೂಳು ಒರೆಸಿ ಇಟ್ಟಿದ್ದೇನೆ. ಈಗ ಅದರಲ್ಲಿ ಗೊರಗೊರ ಬಿಟ್ಟು ಬೇರೇನೂ ಬರುವುದಿಲ್ಲ. ಪ್ರಿಜಾನ್ ಮಾತ್ರ ಕಿವಿಗೊಟ್ಟು, ಏನೋ ಕೇಳಿಸುತ್ತಿದೆ ಎನ್ನುತ್ತಾನೆ.

ಕಲ್ಲು ಗೋಡೆಗೇರಿದೆ. ಮೊದಲಿನ ಬರಹ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಹೊರಗಡೆ ಇರುವುದು ಇಷ್ಟು: "೧೯೪೦ರ ಜೂನ್ ೧೭ರಂದು ಈ ಮನೆಯಲ್ಲಿ ಕಟೆಲ್ ಎಂಬವಳು ಎದ್ದು ಬಂದು ರೇಡಿಯೋ ಆರಿಸಿದಳು." ಮೇಯರ್ ಅದಕ್ಕೆ ಕರಿಬಟ್ಟೆ ಹೊದಿಸಿದ್ದಾನೆ. ಎಳೆಯುವವನು ನೀನು. ಅವತ್ತು ಈ ಮನೆಯ ರೇಡಿಯೋದ ಕರಿಬಟ್ಟೆ ತೆಗೆಯುವವರೆಗೂ ನಿಲ್ಲದೆ ಹೋದವನು ನೀನೇ ತಾನೆ.

ಗಾಲೆಟ್ ಎಷ್ಟು ಬೇಕಾದರೂ ತಿನ್ನು. ಎಷ್ಟು ದಿನ ಬೇಕಾದರೂ ಇರು. ಕೇಳುವುದು ಒಂದೇ. ಹೊರಡುವ ದಿನ ಬೆಳಗಿನ ಉಬ್ಬರಕ್ಕೇ ಹೊರಡು, ಬೇಡ ಎನ್ನುವುದಿಲ್ಲ. ಆದರೆ ಮೊದಲು ನನ್ನ ಬಾಗಿಲು ತಟ್ಟಿ, "ಹೋಗಿ ಬರ್ತೀನಿ ಅಕ್ಕಾ" ಎಂದು ಹೇಳು. ಮೂವತ್ತೊಂದು ವರ್ಷದಿಂದ ಆ ಮಾತು ಕೇಳಲು ಕಿವಿ ಕಾದಿದೆ.

ನಿನ್ನ ಅಕ್ಕ